ರಾಡು ಹಾಕಿದ ಮೇಲೆ

ಕೊಡಗಿನಲ್ಲಿ ಕಾಫಿ ಕೊಯ್ಲು ಮುಗಿಯುವ ಹೊತ್ತಿಗೆ ಮೆಣಸಿನ ಕೊಯ್ಲು ಶುರು. ಸಿಲ್ವರ್ ಓಕ್ ಮರಕ್ಕೆ ಏಣಿ ಒರಗಿಸಿ, ಸೊಂಟಕ್ಕೆ ಚೀಲ ಕಟ್ಟಿಕೊಂಡು ಹತ್ತುವ ಕೆಲಸ. ಏಣಿ ಜಾರಿತೆಂದರೆ ತೊಡೆಮೂಳೆಗೋ ಮೊಣಕಾಲಿಗೋ ಪೆಟ್ಟು. ಆಸ್ಪತ್ರೆಯಲ್ಲಿ ರಾಡೋ ಪ್ಲೇಟೋ ಹಾಕಿ ಮನೆಗೆ ಕಳಿಸುತ್ತಾರೆ. ನಮ್ಮ ಲೆಕ್ಕದಲ್ಲಿ ಚಿಕಿತ್ಸೆ ಅಲ್ಲಿಗೆ ಮುಗಿಯಿತು. ಅಸಲಿಗೆ ಅರ್ಧ ಕೆಲಸ ಇನ್ನೂ ಬಾಕಿ.

ಆ ಅರ್ಧ ನೋಡಲು ತೀರಾ ಸಣ್ಣದು. ಮೊಣಕಾಲಿನಡಿ ಸುತ್ತಿಟ್ಟ ಒಂದು ಟವೆಲ್. ಕಾಲು ಚಾಚಿ ಮಲಗಿದವರು ಅದನ್ನು ಮೊಣಕಾಲಿನಿಂದ ಒತ್ತಬೇಕು, ಐದು ಎಣಿಸುವವರೆಗೆ ಬಿಗಿಹಿಡಿದು ಸಡಿಲಿಸಬೇಕು. ಅಷ್ಟಕ್ಕೇ ಹಣೆಯಲ್ಲಿ ಬೆವರು. ಅಲುಗಾಡದ ಕಾಲಿನ ತೊಡೆ ಕೆಲವೇ ವಾರಗಳಲ್ಲಿ ಸೊರಗುತ್ತದೆ, ಕೀಲು ಬಿಗಿಯುತ್ತದೆ. ಮೂಳೆ ಕೂಡಿದರೂ ಕಾಲು ಮಡಚಲು ಬರುವುದಿಲ್ಲ. ತೋಟದ ಇಳಿಜಾರು ಇಳಿಯುವ ಮಾತಂತೂ ದೂರ.

ಇದಕ್ಕೆ ಅಡ್ಡ ಬರುವುದು ಎಷ್ಟೋ ಸಲ ಪ್ರೀತಿಯೇ. “ನೀವು ಏಳ್ಬೇಡಿ, ನೀರು ನಾನೇ ತಂದ್ಕೊಡ್ತೀನಿ” ಎನ್ನುತ್ತೇವೆ. ಕಾಲು ಸೂಪು ಕುಡಿಸುತ್ತೇವೆ. ಕುಡಿಸೋಣ, ಇಲ್ಲಿನ ಮಳೆಗೆ ಅದು ಹಿತವೇ! ಆದರೆ ಸೂಪು ಮೊಣಕಾಲನ್ನು ಮಡಚಿಸುವುದಿಲ್ಲ. ಹೆಂಡತಿ ಮಕ್ಕಳು ಮಾಡಿಕೊಡಲಾಗದ, ದುಡ್ಡು ಕೊಟ್ಟು ಮಾಡಿಸಲೂ ಆಗದ ಕೆಲಸವಿದು, ನೊಂದವರೇ ಮಾಡಬೇಕು. ಪಕ್ಕದಲ್ಲಿ ಕೂತು ಎಣಿಸುವುದು, ನೋವು ಬಾವು ಹೆಚ್ಚಿದರೆ ವೈದ್ಯರಿಗೆ ತಿಳಿಸುವುದು ಮನೆಯವರ ಪಾಲು.

ಇದರಲ್ಲಿ ಧಣಿ ಆಳು ಎಂಬ ಭೇದವಿಲ್ಲ ಎನ್ನಬಹುದಿತ್ತು. ಆದರೆ ಇದೆ. ನಮ್ಮ ಸೋಮವಾರಪೇಟೆಯ ಹಾಕಿ ಆಟಗಾರ ಎಸ್.ವಿ. ಸುನಿಲ್ ಮೊಣಕಾಲಿನ ಗಾಯದಿಂದಾಗಿ 2018ರ ಭುವನೇಶ್ವರ ವಿಶ್ವಕಪ್ ತಪ್ಪಿಸಿಕೊಂಡರು. ಮರುವರ್ಷ ಒಲಿಂಪಿಕ್ ಅರ್ಹತಾ ಪಂದ್ಯಗಳಿಗೆ ಅವರೇ ಉಪನಾಯಕ. ಛಲ ಅವರದು, ಸಂಶಯವಿಲ್ಲ. ಆದರೆ ದೇಶಕ್ಕೆ ಆಡುವವರ ಜೊತೆ ಫಿಸಿಯೋಗಳೂ ಇರುತ್ತಾರೆ. ಮೆಣಸು ಕೊಯ್ಯುವವನ ಛಲವೇನೂ ಕಡಿಮೆಯಲ್ಲ. ಕೂಲಿ ನಿಂತ ಮನೆಯಿಂದ ವಾಕರ್ ಹಿಡಿದು ಬಸ್ಸು ಹತ್ತಿ ಫಿಸಿಯೋಥೆರಪಿಗೆಂದು ಮತ್ತೆ ಮತ್ತೆ ಮಡಿಕೇರಿಗೋ ವಿರಾಜಪೇಟೆಗೋ ಹೋಗಿಬರುವುದು ಹೇಗೆ? ಎರಡು ಸಲ ಹೋಗಿ ಬಿಟ್ಟುಬಿಡುತ್ತಾನೆ. ಅದನ್ನು ನಾವು ಸೋಮಾರಿತನ ಎನ್ನುತ್ತೇವೆ. ಅದು ಅನ್ಯಾಯದ ಮಾತು.

ತೋಟದ ಮಾಲೀಕರಲ್ಲಿ ಒಂದು ವಿನಂತಿ. ಆಪರೇಷನ್ನಿನ ಖರ್ಚು ಕೊಟ್ಟಿದ್ದೀರಿ, ದೊಡ್ಡ ಮನಸ್ಸು. ಫಿಸಿಯೋಥೆರಪಿ ಮುಗಿಯುವವರೆಗೆ ಹೋಗಿಬರಲು ತೋಟದ ಜೀಪನ್ನೂ, ಆ ದಿನಗಳ ಕೂಲಿಯನ್ನೂ ಕೊಡಿ.