ಕೊಳಲಿನೊಳಗಿನ ಗಾಳಿ



ಕನ್ನಡದಲ್ಲಿ ವಿಜ್ಞಾನ ಕಲಿತ ಮಕ್ಕಳು ಹಿಂದುಳಿಯುವರೇ ಎಂಬುದು ನಮ್ಮ ಅಕ್ಕಲಕೋಟೆ ಸೀಮೆಯ ತಾಯಂದಿರ ಆತಂಕ. ಉತ್ತರವಾಗಿ ಈ ಕೊಳಲನ್ನು ತಂದಿದ್ದೇನೆ.

ಇದರಲ್ಲಿ ನುಡಿಯುವುದು ಬಿದಿರಲ್ಲ, ಒಳಗಿನ ವಾಯುಸ್ತಂಭ. ಊದುವ ರಂಧ್ರದ ಅಂಚಿಗೆ ತಾಗಿದ ಉಸಿರು ಒಮ್ಮೆ ಒಳಕ್ಕೆ, ಒಮ್ಮೆ ಹೊರಕ್ಕೆ ಹೊರಳುತ್ತ ಅದನ್ನು ಕಂಪನಗೊಳಿಸುತ್ತದೆ. ರಂಧ್ರಗಳನ್ನೆಲ್ಲ ಮುಚ್ಚಿದಾಗ ಸ್ತಂಭ ಉದ್ದ, ಸ್ವರ ತಗ್ಗು. ತುದಿಯಿಂದ ಒಂದೊಂದೇ ಬೆರಳೆತ್ತಿದಂತೆ ಸ್ತಂಭ ಗಿಡ್ಡವಾಗಿ ಸ್ವರ ಏರುತ್ತದೆ. ಉಸಿರನ್ನು ಬಿರುಸುಗೊಳಿಸಿದರೆ ಆವೃತ್ತಿ ಇಮ್ಮಡಿಸಿ ಮೇಲಿನ ಸ್ಥಾಯಿ ದೊರೆಯುತ್ತದೆ. ಮನೆಯಲ್ಲಿ ಕೇಳಿ ಬಲ್ಲ ಶ್ರುತಿಗೂ ಪಠ್ಯದ ಆವೃತ್ತಿಗೂ ಇರುವ ನಂಟು ಮಕ್ಕಳಿಗೆ ಬೇಗನೆ ಹೊಳೆಯಿತು.

ಗಾಳಿಯ ಉಷ್ಣತೆ ಒಂದು ಡಿಗ್ರಿ ಏರಿದರೆ ಶಬ್ದದ ವೇಗ ಸೆಕೆಂಡಿಗೆ ಸುಮಾರು 0.6 ಮೀಟರ್ ಹೆಚ್ಚುತ್ತದೆ ಎಂದೆ. “ಹಾಗಾದರೆ ಮಾಗಿಯ ಬೆಳಗಿನಲ್ಲಿ ಕೊಳಲಿನ ಶ್ರುತಿ ಇಳಿಯಬೇಕಲ್ಲವೇ, ಅಕ್ಕೋರೆ?” ಎಂದಳು ಎಂಟನೆಯ ತರಗತಿಯ ಹುಡುಗಿ. ಡಿಸೆಂಬರಿನಲ್ಲಿ ಹಾರ್ಮೋನಿಯಂ ಪಕ್ಕದಲ್ಲಿಟ್ಟು ನುಡಿಸಿ ನೋಡಿದೆವು, ಇಳಿದಿತ್ತು.