ಗುಜರಿಯ ಟ್ರಾನ್ಸ್‌ಫಾರ್ಮರು

ಶಿವಾಜಿನಗರದ ಗುಜರಿಯಲ್ಲಿ ಸುತ್ತಾಡುವಾಗ ಒಂದು ಟ್ರಾನ್ಸ್‌ಫಾರ್ಮರು ನಿಮ್ಮ ಕಣ್ಣಿಗೆ ಬಿದ್ದಿತೆನ್ನಿ. ಬೆಲೆ ಅಗ್ಗ, ಆಸೆ ಸಹಜ. ಬೈಯಪ್ಪನಹಳ್ಳಿಯ ಎನ್.ಜಿ.ಇ.ಎಫ್. 2002ರಲ್ಲಿ ಮುಚ್ಚಿತಾದರೂ, ಅಲ್ಲಿಯೂ ದೂರವಾಣಿನಗರದ ಐ.ಟಿ.ಐ.ಯಲ್ಲಿಯೂ ಕೈ ಪಳಗಿಸಿಕೊಂಡವರು ನಗರದ ಈ ಭಾಗದಲ್ಲಿ ಬಹು ಮಂದಿ. ಅಂಥವರೊಬ್ಬರು ಪರಿಚಿತರಿದ್ದರೆ ಮುಂದಿನ ಪರೀಕ್ಷೆಗೆ ಅವರನ್ನು ಜೊತೆಗೆ ಕರೆದುಕೊಳ್ಳಿ.

ಸಾಮಾನು ಮನೆಗೆ ಬಂತು. ಹೆಸರಿನ ಫಲಕವಿಲ್ಲ, ನಾಲ್ಕೈದು ತಂತಿಗಳು ಮಾತ್ರ ಇಣುಕುತ್ತಿವೆ. ಯಾವುದನ್ನು ಗೋಡೆಯ ಪ್ಲಗ್ಗಿಗೆ ಕೊಡಬೇಕು? ಸದ್ಯಕ್ಕೆ ಯಾವುದನ್ನೂ ಕೊಡಬೇಡಿ.

ಮೊದಲು ಅದರ ಜಾತಿ ನೋಡಿ. ಮೈಕ್ರೋವೇವ್ ಒಲೆಯಿಂದ ಬಿಚ್ಚಿದ್ದಾದರೆ ಅದರ ಗೊಡವೆಯೇ ಬೇಡ. ಸುಮಾರು 2000 ವೋಲ್ಟು ಕೊಡುವ ಯಮದೂತ ಅದು. ಸ್ಟೆಬಿಲೈಸರಿನದಾದರೆ ಸಾಮಾನ್ಯವಾಗಿ ಎಲ್ಲ ತಂತಿಗಳೂ ಒಂದೇ ಸುರುಳಿಗೆ ಸೇರಿರುತ್ತವೆ. ಮೈನ್ಸಿಗೂ ನಿಮ್ಮ ಕೈಗೂ ನಡುವೆ ತಡೆಯೇ ಇಲ್ಲ. ಕಪ್ಪು ಫೆರೈಟ್ ತಿರುಳಿನ ಪುಟ್ಟ ಟ್ರಾನ್ಸ್‌ಫಾರ್ಮರನ್ನು ನಮ್ಮ 50 ಸೈಕಲ್ಲಿನ ಮೈನ್ಸಿಗಾಗಿ ಮಾಡಿದ್ದೇ ಅಲ್ಲ.

ಉಳಿದವುಗಳಿಗೆ ಓಮ್ ಮೀಟರು ಹಿಡಿದು ಯಾವ ತಂತಿಗೆ ಯಾವುದು ಜೋಡಿ ಎಂದು ಗುರುತಿಸಿ. ಸಣ್ಣ ತಂತಿಯ, ಹೆಚ್ಚು ಸುತ್ತಿನ ಸುರುಳಿ ಹೆಚ್ಚು ಓಮು ತೋರುತ್ತದೆ. ದಪ್ಪ ತಂತಿಯದು ಒಂದು ಓಮಿಗಿಂತ ಕಡಿಮೆ ತೋರಿದರೂ ಆಶ್ಚರ್ಯವಿಲ್ಲ. ಬಳಿಕ 500 ವೋಲ್ಟಿನ ಮೆಗ್ಗರಿನಿಂದ ಸುರುಳಿಗಳ ನಡುವೆಯೂ ಸುರುಳಿಗೂ ತಿರುಳಿಗೂ ನಡುವೆಯೂ ಅಳೆಯಿರಿ. ಹತ್ತಾರು ಮೆಗೋಮು ತೋರಬೇಕು. ಒಂದೆರಡಕ್ಕೆ ಇಳಿದಿದ್ದರೆ ಒಳಗೆ ತೇವವೋ ಸುಟ್ಟ ಗಾಯವೋ ಇದೆ, ಆಸೆ ಬಿಡಿ.

ಈಗ ಮುಖ್ಯ ಸಂಗತಿ. ಚೆನ್ನಾಗಿ ಗೊತ್ತಿರುವ ಬೇರೊಂದು ಟ್ರಾನ್ಸ್‌ಫಾರ್ಮರಿನಿಂದ 12 ವೋಲ್ಟು ಎ.ಸಿ. ತೆಗೆದು, ಅತಿ ಹೆಚ್ಚು ಓಮಿನ ಸುರುಳಿಗೆ ಕೊಡಿ. ದಪ್ಪ ತಂತಿಗೆ ಕೊಟ್ಟಿರೋ, ಆ 12 ವೋಲ್ಟೇ ಇನ್ನೊಂದು ಕಡೆ 230 ಆಗಿ ಎದ್ದೀತು! ಸರಿಯಾಗಿ ಕೊಟ್ಟಾಗ ಇನ್ನೊಂದು ಸುರುಳಿಯಲ್ಲಿ 0.63 ವೋಲ್ಟು ಬಂತೆನ್ನಿ. ಅಂದರೆ 230ಕ್ಕೆ ಸುಮಾರು 12ರ ಪ್ರಮಾಣ.

ಪ್ರಮಾಣ ತಿಳಿದ ಮಾತ್ರಕ್ಕೆ ಎಷ್ಟು ವೋಲ್ಟು ತಡೆದೀತೆಂದು ತಿಳಿಯದು. 110ಕ್ಕೆ 6 ಇದ್ದರೂ ಲೆಕ್ಕ ಹೆಚ್ಚು ಕಡಿಮೆ ಹೀಗೆಯೇ ಬರುತ್ತದೆ. ಇಲ್ಲಿ ನೆರವಿಗೆ ಬರುವುದು 60 ವ್ಯಾಟಿನ ಹಳೆಯ ತಂತುದೀಪ, ಎಲ್.ಇ.ಡಿ. ಕೆಲಸಕ್ಕೆ ಬಾರದು. ಫ್ಯೂಸು, ದೀಪ, ಆ ಹೆಚ್ಚು ಓಮಿನ ಸುರುಳಿ, ಇವು ಒಂದರ ಹಿಂದೊಂದು ಸಾಲಾಗಿರಲಿ. ತಿರುಳಿಗೆ ಅರ್ಥಿಂಗ್ ಕೊಟ್ಟಿರಲಿ. ಉಳಿದ ತುದಿಗಳಿಗೆಲ್ಲ ಟೇಪು ಸುತ್ತಿರಲಿ. ಜೋಡಣೆ ಮುಗಿದು ಕೈ ದೂರವಾದ ಮೇಲೆಯೇ ಸ್ವಿಚ್ಚು ಹಾಕಿ. ದೀಪ ಕ್ಷಣಕಾಲ ಮಿನುಗಿ ಆರಿದರೆ ಸುರುಳಿ 230 ವೋಲ್ಟನ್ನು ತಡೆಯುತ್ತದೆ. ಉರಿಯುತ್ತಲೇ ಇದ್ದರೆ ಅದು ಕಡಿಮೆ ವೋಲ್ಟಿನದು, ಇಲ್ಲವೆ ಒಳಗೆ ಸುತ್ತುಗಳು ಒಂದಕ್ಕೊಂದು ಕೂಡಿಕೊಂಡಿವೆ. ದೀಪವಿದ್ದರೂ ತಂತಿ ಮುಟ್ಟಿದರೆ ಹೊಡೆತ ತಪ್ಪದು, ನೆನಪಿರಲಿ.

ಎಷ್ಟು ಹೊರೆ ಹೊತ್ತೀತು? ಸುರುಳಿಯ ನಡುವೆ ಹಾಯುವ ತಿರುಳಿನ ಅಗಲ 3, ದಪ್ಪ 4 ಸೆಂಟಿಮೀಟರಾದರೆ ಸುಮಾರು 100 ವೋಲ್ಟ್-ಆಂಪಿಯರು ಎಂದು ಹಳಬರ ಅಂದಾಜು. ನೀವು ಅರ್ಧದಿಂದ ಆರಂಭಿಸಿ. ದೀಪ ತೆಗೆದು, ಫ್ಯೂಸನ್ನು ಉಳಿಸಿಕೊಂಡು, ಒಂದು ಗಂಟೆ ಕಣ್ಣೆದುರಿಗೇ ನಡೆಸಿ. ಪ್ಲಗ್ಗು ಕಿತ್ತ ಮೇಲೆ ತಿರುಳನ್ನು ಮುಟ್ಟಿ ನೋಡಿ. ಅಂಗೈ ತಾಳದಷ್ಟು ಬಿಸಿಯಾಗಿದ್ದರೆ ಹೊರೆಯನ್ನು ಇನ್ನೂ ಇಳಿಸಬೇಕು.