ಕಾರ್ಬುರೇಟರ್ ಕೋಡಿ ಬಿದ್ದಾಗ

ಕೆರೆ ತುಂಬಿ ಕೋಡಿ ಬಿದ್ದರೆ ಊರಿಗೆ ಹಬ್ಬ. ದೇವನಹಳ್ಳಿ ತಾಲ್ಲೂಕಿನ ಕುಂದಾಣದಂಥ ಊರಿನವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ವರ್ಷವಿಡೀ ಹರಿಯುವ ಹೊಳೆಯಿಲ್ಲದ ಈ ಸೀಮೆಯಲ್ಲಿ ಬಾಗಿನ ಸಲ್ಲುವುದು ಕೆರೆಗೇ. ಆದರೆ ಕೋಡಿ ಬಿದ್ದರೆ ಗಂಡಾಂತರ ತರುವ ಪುಟ್ಟ ಕೆರೆಯೂ ಒಂದುಂಟು. ಅದಿರುವುದು ಹಳೆಯ ಕಾರಿನ ಕಾರ್ಬುರೇಟರಿನಲ್ಲಿ. ನಿಮ್ಮ ಮನೆಯಲ್ಲಿ ಅಜ್ಜನ ಕಾಲದ ಕಾರೊಂದು ಉಳಿದಿದ್ದರೆ ಈ ಮಾತು ನಿಮಗಾಗಿ.

ಮೊದಲ ನೋಂದಣಿಯಾಗಿ 50 ವರ್ಷ ದಾಟಿದ, ಮೂಲರೂಪ ಕೆಡದ ಕಾರನ್ನು ವಿಂಟೇಜ್ ಎಂದು ಕೇಂದ್ರ ಸರ್ಕಾರ 2021ರಲ್ಲಿ ಮೋಟಾರು ವಾಹನ ನಿಯಮಗಳನ್ನು ತಿದ್ದಿ ಗುರುತಿಸಿತು. ಹಾಗೆ ನೋಂದಾಯಿಸಿದ ಕಾರನ್ನು ಪ್ರದರ್ಶನ, ರ‍್ಯಾಲಿ, ದುರಸ್ತಿ ಮುಂತಾದವುಗಳಿಗಲ್ಲದೆ ನಿತ್ಯದ ಓಡಾಟಕ್ಕೆ ಬಳಸುವಂತಿಲ್ಲ. ಹೀಗಾಗಿ ಅದು ಬಹುಕಾಲ ಷೆಡ್ಡಿನಲ್ಲೇ ನಿಂತಿರುತ್ತದೆ. ನಿಂತ ಕಾರಿಗೆ ಸೋರುವ ರೋಗ ಬೇಗ ಅಂಟುತ್ತದೆ. ಬೆಂಡು ಒಣಗುತ್ತದೆ, ರಬ್ಬರು ಬಿರಿಯುತ್ತದೆ, ಟ್ಯಾಂಕಿನೊಳಗೆ ತುಕ್ಕು ಹುಟ್ಟುತ್ತದೆ.

ಕಾರ್ಬುರೇಟರಿನ ಪಕ್ಕದ ಬಟ್ಟಲೇ ಆ ಪುಟ್ಟ ಕೆರೆ. ಪಂಪು ಕಳಿಸುವ ಪೆಟ್ರೋಲು ಕಾಲುವೆಯ ನೀರಿನಂತೆ ಅದರೊಳಗೆ ಬೀಳುತ್ತದೆ. ತೂಬಿನಂಥ ಜೆಟ್ಟಿನ ಮೂಲಕ ಎಂಜಿನಿಗೆ ಹೋಗುತ್ತದೆ. ನಡುವೆ ಒಬ್ಬ ನೀರುಗಂಟಿಯಿದ್ದಾನೆ. ಅವನೇ ಫ್ಲೋಟು, ಅಂದರೆ ತೇಲುವ ಟೊಳ್ಳು ಹಿತ್ತಾಳೆ ಬುರುಡೆ. ಪೆಟ್ರೋಲು ಏರಿದಂತೆ ಅವನೂ ಏರಿ, ಸೂಜಿಯಂಥ ಕವಾಟವನ್ನು ಒತ್ತಿ ಕಾಲುವೆಯ ಬಾಯಿ ಮುಚ್ಚುತ್ತಾನೆ. ಇಳಿದಂತೆ ತಾನೂ ಇಳಿದು ತೆರೆಯುತ್ತಾನೆ. ಅವನು ಮೈಮರೆತ ಗಳಿಗೆಯಲ್ಲೇ ಕೋಡಿ.

ಆದ್ದರಿಂದ ಸೋರಿಕೆ ಕಂಡೊಡನೆ ಸ್ಪ್ಯಾನರಿಗೆ ಕೈ ಹಾಕಬೇಡಿ. ಮೊದಲು ಸೋರುವ ಜಾಗ ಹುಡುಕಿ. ಕಾರನ್ನು ಬಯಲಿಗೆ ತನ್ನಿ. ಕಾರ್ಬುರೇಟರನ್ನು ಬಟ್ಟೆಯಿಂದ ಒರೆಸಿ ಒಣಗಿಸಿ. ಇನ್ನೊಬ್ಬರು ಎಂಜಿನ್ ಚಾಲೂ ಮಾಡಲಿ. ಮೊದಲು ಎಲ್ಲಿ ಒದ್ದೆಯಾಗುತ್ತದೆಂದು ನೋಡಿ, ಕೂಡಲೇ ನಿಲ್ಲಿಸಿಬಿಡಿ. ಬಟ್ಟಲಿನ ಮುಚ್ಚಳದ ಬಳಿ, ಅಥವಾ ಅಲ್ಲಿಂದ ಹೊರಟ ಸಣ್ಣ ಕೊಳವೆಯಿಂದ ಉಕ್ಕಿದರೆ ಗುಮಾನಿ ನೀರುಗಂಟಿಯ ಮೇಲೆ. ತಳದಲ್ಲಿ ಜಿನುಗಿದರೆ ಪ್ಯಾಕಿಂಗಿನ ಮೇಲೆ.

ನೀರುಗಂಟಿಯ ತಪ್ಪಿಗೆ ಮುಖ್ಯವಾಗಿ ಮೂರು ಕಾರಣ. ಒಂದು, ತುಕ್ಕಿನ ಕಣವೊಂದು ಸೂಜಿಗೂ ಅದರ ಪೀಠಕ್ಕೂ ನಡುವೆ ಸಿಕ್ಕಿಕೊಂಡಿರುವುದು. ತೊಳೆದರೆ ಸಾಕು, ಆದರೆ ಟ್ಯಾಂಕನ್ನೂ ಸೋಸುಬಲೆಯನ್ನೂ ತೊಳೆಯದಿದ್ದರೆ ಮತ್ತೆ ಬರುತ್ತದೆ. ಎರಡು, ಸೂಜಿಯ ಮೊನೆ ಸವೆದು ಸುತ್ತ ಗೆರೆ ಬಿದ್ದಿರುವುದು. ಸೂಜಿ, ಪೀಠ ಎರಡನ್ನೂ ಜೊತೆಯಾಗಿ ಬದಲಿಸಿ. ಮೂರು, ಬುರುಡೆಯೇ ತೂತಾಗಿ ಪೆಟ್ರೋಲು ಕುಡಿದಿರುವುದು. ಕಿವಿಯ ಬಳಿ ಅಲ್ಲಾಡಿಸಿದರೆ ಒಳಗೆ ಸದ್ದಾಗುತ್ತದೆ. ಒಲೆಯಿಂದ ದೂರ ತಂದ ಬಿಸಿನೀರಿನಲ್ಲಿ ಅದ್ದಿದರೆ ತೂತಿನಿಂದ ಗುಳ್ಳೆ ಏಳುತ್ತದೆ. ಅದಕ್ಕೆ ಬೆಸುಗೆ ಹಾಕಲು ಹೋಗಬೇಡಿ. ಒಳಗುಳಿದ ಪೆಟ್ರೋಲು ಕಾವಿಗೆ ಸಿಡಿದೀತು. ಸಿಡಿಯದಿದ್ದರೂ ಸೀಸದ ಭಾರಕ್ಕೆ ಬುರುಡೆ ತಗ್ಗಿ ತೇಲಿ ಬಟ್ಟಲು ಮತ್ತೆ ಉಕ್ಕುತ್ತದೆ. ಹೊಸದನ್ನು ಹಾಕುವುದೇ ಲೇಸು.

ಪ್ಯಾಕಿಂಗಿನ ಮಾತು ಬೇರೆ. ಬಿಗಿದಷ್ಟೂ ಸೋರಿಕೆ ನಿಲ್ಲುವುದೆಂದು ಹಲವರ ನಂಬಿಕೆ. ಕಾರ್ಬುರೇಟರಿನ ಲೋಹ ಮೆದು; ಅತಿಯಾಗಿ ಬಿಗಿದರೆ ಮುಚ್ಚಳ ಸೊಟ್ಟಗಾಗಿ ಸೋರಿಕೆ ಶಾಶ್ವತವಾಗುತ್ತದೆ. ಹಳೆಯ ಎಸ್.ಯು. ಕಾರ್ಬುರೇಟರುಗಳಲ್ಲಿ ಜೆಟ್ಟಿನ ಸುತ್ತ ಬೆಂಡಿನ ಉಂಗುರಗಳಿರುತ್ತವೆ. ಒಣಗಿ ಕುಗ್ಗಿದ್ದರೆ ಹೊಸವನ್ನು ಎಂಜಿನ್ ಎಣ್ಣೆಯಲ್ಲಿ ಅರ್ಧ ಗಂಟೆ ನೆನೆಸಿ ಕೂರಿಸಿ.

ಈಗ ಇನ್ನೊಂದು ಕಾರಣವೂ ಸೇರಿದೆ. ನೂರಕ್ಕೆ 20 ಪಾಲು ಎಥನಾಲ್ ಬೆರೆತ ಪೆಟ್ರೋಲಿನ ಮಾರಾಟಕ್ಕೆ 2023ರ ಫೆಬ್ರವರಿ 6ರಂದು ಬೆಂಗಳೂರಿನಲ್ಲೇ ಚಾಲನೆ ಸಿಕ್ಕಿತು. ಎಥನಾಲ್ ಎಂದರೆ ಮದ್ಯಸಾರ. ಬಡಗಿ ಅರಗನ್ನು ಸ್ಪಿರಿಟ್ಟಿನಲ್ಲಿ ಕರಗಿಸಿ ಮರಕ್ಕೆ ಪಾಲಿಷ್ ಹಚ್ಚುವುದನ್ನು ನೀವು ಬಲ್ಲಿರಿ. ಹಿಂದಿನ ಮೆಕ್ಯಾನಿಕ್ಕುಗಳು ಪ್ಯಾಕಿಂಗಿಗೆ ಹಚ್ಚಿದ ಅರಗೂ ಹಾಗೆಯೇ ಕರಗುತ್ತದೆ. ಹಳೆಯ ರಬ್ಬರು ಉಬ್ಬಿ ಬಿರಿಯುತ್ತದೆ. ಎಥನಾಲ್ ತೇವವನ್ನೂ ಎಳೆದುಕೊಳ್ಳುವುದರಿಂದ ತುಕ್ಕು ಹೆಚ್ಚುತ್ತದೆ. ಆದುದರಿಂದ ಎಥನಾಲ್ ತಡೆಯುವ ಕೊಳವೆಗಳನ್ನೇ ಕೇಳಿ ತನ್ನಿ. ಕಾರು ತಿಂಗಳುಗಟ್ಟಲೆ ನಿಲ್ಲುವುದಾದರೆ ಬಟ್ಟಲನ್ನು ಬರಿದುಮಾಡಿ.

ಕೆಲವು ಹನಿ ಸೋರಿದರೆ ಏನಾಯಿತು ಎನ್ನಬೇಡಿ. ಸೊನ್ನೆಗಿಂತ 40 ಡಿಗ್ರಿ ಕೆಳಗಿನ ಶೀತದಲ್ಲೂ ಪೆಟ್ರೋಲು ಹೊತ್ತಿಕೊಳ್ಳಬಲ್ಲ ಆವಿ ಬಿಡುತ್ತದೆ. ಆ ಆವಿ ಗಾಳಿಗಿಂತ ಭಾರ. ಮೇಲೇರದೆ ನೆಲಕ್ಕೆ ಹರಡಿ ಕೂರುತ್ತದೆ. ಆಯುಧಪೂಜೆಯ ದಿನ ನಾವು ಕರ್ಪೂರ ಹಚ್ಚುವುದೂ ದೀಪ ಇಡುವುದೂ ಕಾರಿನ ಮುಂದೆ, ಅದೇ ನೆಲದ ಮೇಲೆ! ಅಂದು ಕಾರನ್ನು ಷೆಡ್ಡಿನಿಂದ ಹೊರತಂದು, ಬಾನೆಟ್ ಎತ್ತಿ ನೋಡಿ, ವಾಸನೆ ಇಲ್ಲವೆಂದು ಖಚಿತವಾದ ಮೇಲೆ ಪೂಜೆ ನಡೆಸಿ. ವಾಸನೆ ಇದ್ದರೆ ಅರಿಶಿನ ಕುಂಕುಮ ಹೂವಿಗೇ ಪೂಜೆ ಮುಗಿಯಲಿ. ದುರಸ್ತಿಗೆ ಕೂರುವಾಗಲೂ ಎಂಜಿನ್ ತಣ್ಣಗಿರಲಿ, ಬ್ಯಾಟರಿಯ ತಂತಿ ಕಳಚಿರಲಿ, ಬೀಡಿ ಸಿಗರೇಟು ದೂರವಿರಲಿ. ಬೆಂಕಿ ಹತ್ತಿದರೆ ನೀರು ಸುರಿಯಬಾರದು. ಉರಿಯುವ ಪೆಟ್ರೋಲು ನೀರಿನ ಮೇಲೆ ತೇಲಿ ಇನ್ನೂ ದೂರ ಹಬ್ಬುತ್ತದೆ. ಒಣಪುಡಿಯ ಅಗ್ನಿಶಾಮಕವೋ, ಒಂದು ಬಕೆಟ್ ಮರಳೋ ಕೈಯಳತೆಯಲ್ಲಿರಲಿ.

ಬೇಕಾದ ಬಿಡಿಭಾಗಗಳ ಬೆಲೆ ಕಾರಿನ ಮುಂದೆ ಏನೇನೂ ಅಲ್ಲ. ಮುಂದಿನ ಭಾನುವಾರ ಬಾನೆಟ್ ಎತ್ತಿ, ನಿಮ್ಮ ಕಾರಿನ ನೀರುಗಂಟಿಯ ಯೋಗಕ್ಷೇಮ ವಿಚಾರಿಸಿಕೊಳ್ಳಿ.